ಬಿಟ್ಟಿ, ಕೂಲಿ, ಗೌರವಧನ

ಕನ್ನಡದಲ್ಲಿ ದುಡ್ಡು ಕೊಡುವುದಕ್ಕೆ ಇಷ್ಟೊಂದು ಹೆಸರುಗಳಿವೆ ಅಂತ ನಮಗೆ ಗೊತ್ತಾಗಿದ್ದು ಈ ಸೆಮ್‌ನಲ್ಲೇ. ಆಫೀಸಿಗೆ ಹೋಗುವವರಿಗೆ ಸಂಬಳ, ಗದ್ದೆಗೆ ಹೋಗುವವರಿಗೆ ಕೂಲಿ, ಪುರೋಹಿತರಿಗೆ ದಕ್ಷಿಣೆ, ಲೇಖಕರಿಗೆ ಸಂಭಾವನೆ, ಆಶಾ ಕಾರ್ಯಕರ್ತೆಯರಿಗೆ ಗೌರವಧನ, ಗೃಹರಕ್ಷಕರಿಗೆ ಭತ್ಯೆ. ಮೇಜಿನ ಕೆಳಗಿಂದ ಕೊಟ್ಟರೆ ಮಾಮೂಲಿ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್ಮಿನಲ್ಲೇ ಬೆಳೆದ ನಮಗೆ ಇದೆಲ್ಲ ಒಂದೇ, ‘ಪೇಮೆಂಟ್’. ಆದರೆ ಹೆಸರು ಬದಲಾದ ಹಾಗೆ ಕೊಡುವವರ ಮುಖವೂ ಬದಲಾಗುತ್ತೆ, ತಗೊಳ್ಳುವವರ ಕೈಯೂ ಬದಲಾಗುತ್ತೆ. ಕೂಲಿಯನ್ನು ಜಗಳ ಮಾಡಿ ಕೇಳಬಹುದು. ಗೌರವಧನ ತಡವಾಯಿತು ಅಂತ ಜಗಳ ಮಾಡಿದರೆ ‘ಸೇವೆ ಮಾಡೋರು ಹೀಗೆಲ್ಲ ಕೇಳ್ತಾರಾ’ ಅಂತಾರೆ.

ಇದೆಲ್ಲ ತಲೆಗೆ ಹೊಕ್ಕಿದ್ದು ಚರ್ಚಾಸ್ಪರ್ಧೆಯಿಂದ. ‘ತುರ್ತು ಸಮಯದಲ್ಲಿ ಧಾವಿಸುವ ಸ್ವಯಂಸೇವಕರಿಗೆ ಹಣ ಕೊಡಬೇಕೇ?’ ಅನ್ನೋದು ವಿಷಯ. ನಾವು ಮೂವರ ತಂಡ, ಚೀಟಿ ಎತ್ತಿದಾಗ ‘ಪರ’ ಬಂತು. ಎದುರು ತಂಡದವರು ತ್ಯಾಗ, ನಿಸ್ವಾರ್ಥ, ಮಾನವೀಯತೆ ಅಂತ ಶುರು ಮಾಡಿದರು, ನಾವು ಪೆಟ್ರೋಲ್ ರೇಟು ಹೇಳಿದೆವು. ಚಪ್ಪಾಳೆ ಯಾರಿಗೆ ಬಿತ್ತು ಅಂತ ಹೇಳಬೇಕಾಗಿಲ್ಲ. ಸ್ಪರ್ಧೆ ಒಂದು ಗಂಟೆಯಲ್ಲಿ ಮುಗಿಯಿತು. ವಿಷಯ ಮಾತ್ರ ಮೆಸ್ಸಿಗೂ ಬಂತು, ರೂಮಿಗೂ ಬಂತು, ಇಂಟರ್ನಲ್ಸ್ ಹಿಂದಿನ ರಾತ್ರಿಯೂ ಬಿಡಲಿಲ್ಲ. ಯಾಕೆಂದರೆ ನಮ್ಮ ಮೂವರಲ್ಲಿ ಒಬ್ಬನ ಸೋದರಮಾವ ಇಂಥ ಕೆಲಸ ಮಾಡುವವರು. ಉಳಿದಿಬ್ಬರಿಗೂ ಈಗ ಅವರು ಮಾವನೇ.

ಮಾವ ಕಾವೇರಿ ದಂಡೆಯ ಊರಿನವರು. ತೆಪ್ಪ ಇದೆ, ಬಲೆ ಇದೆ, ಮೀನು ಇಲ್ಲದ ದಿನ ಗಾರೆ ಕೆಲಸಕ್ಕೆ ಹೋಗುತ್ತಾರೆ. ಹೊಳೆಯಲ್ಲಿ ಯಾರಾದರೂ ಮುಳುಗಿದರೆ ಸ್ಟೇಷನ್ನಿನಿಂದ ಫೋನ್ ಬರುವುದು ಅವರಿಗೆ. ಪೇಪರಿನಲ್ಲಿ ‘ಸ್ಥಳೀಯ ಮುಳುಗು ತಜ್ಞರ ನೆರವಿನಿಂದ ಶವ ಹೊರತೆಗೆಯಲಾಯಿತು’ ಅಂತ ಒಂದು ಸಾಲು ಬರುತ್ತಲ್ಲ, ಆ ಸಾಲು ಮಾವ. ಹೆಸರು ಬರಲ್ಲ. ತಜ್ಞರು ಅಂದ ತಕ್ಷಣ ಬೆನ್ನಿಗೆ ಆಕ್ಸಿಜನ್ ಸಿಲಿಂಡರು, ಕಾಲಿಗೆ ಬಾತುಕೋಳಿ ಪಾದ ಅಂತೆಲ್ಲ ಅಂದುಕೊಳ್ಳಬೇಡಿ. ಸೊಂಟಕ್ಕೊಂದು ಹಗ್ಗ, ಹಗ್ಗದ ಆ ತುದಿ ತೆಪ್ಪದಲ್ಲಿ ಕೂತ ಅಣ್ಣನ ಕೈಯಲ್ಲಿ, ಮಿಕ್ಕಿದ್ದು ಉಸಿರು. ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಪಾತಾಳಗರಡಿ ಗೊತ್ತಲ್ಲ, ನಾಲ್ಕೈದು ಕೊಕ್ಕೆ ಇರುವ ಕಬ್ಬಿಣ, ಅದರಿಂದ ಮೊದಲು ಮಡುವನ್ನು ಜಾಲಾಡುತ್ತಾರೆ. ಸಿಗದಿದ್ದರೆ ಇಳಿಯುತ್ತಾರೆ. ಕಲ್ಲಿನ ಪೊಟರೆಯೊಳಗೆ ಕೈ ಹಾಕಿ ತಡಕಬೇಕು, ಕಣ್ಣಿಗೆ ಏನೂ ಕಾಣಲ್ಲ, ಎಲ್ಲ ಬೆರಳಲ್ಲೇ. ಮಳೆಗಾಲದಲ್ಲಿ ಮೇಲಿನಿಂದ ನೀರು ಬಿಟ್ಟಿದ್ದರೆ ಸುಳಿ ಬೇರೆ.

ಮಾವನ ಎಡಗಿವಿ ಸರಿಯಾಗಿ ಕೇಳಲ್ಲ. ಆಳಕ್ಕೆ ಹೋದ ಹಾಗೆ ನೀರಿನ ಒತ್ತಡ ಹೆಚ್ಚುತ್ತೆ, ಹತ್ತು ಮೀಟರಿಗೆ ಒಂದು ವಾಯುಮಂಡಲದಷ್ಟು. ಇದನ್ನು ನಾವು ಪಿಯುನಲ್ಲಿ ಫಾರ್ಮುಲಾ ಹಾಕಿ ಬಿಡಿಸಿದ್ದೇವೆ, ಮಾವ ಕಿವಿಯ ತಮಟೆಯಲ್ಲಿ ಬಿಡಿಸಿದ್ದಾರೆ. ಡಾಕ್ಟರು ಇನ್ನು ಇಳಿಯಬೇಡಿ ಅಂದಿದ್ದಾರೆ. ಡಾಕ್ಟರ ಫೀಸು, ಔಷಧಿ ಎಲ್ಲ ಕೈಯಿಂದಲೇ. ಅದಾದ ಮೇಲೂ ಇಳಿದಿದ್ದಾರೆ.

ಒಂದು ಭಾನುವಾರ ಅವರ ಮನೆಗೆ ಹೋಗಿ ಮುದ್ದೆ, ಮೀನುಸಾರು ಹೊಡೆದು, ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆವು: ಮಾವ, ದುಡ್ಡು ಕೊಡ್ತಾರಾ? ಕೊಡೋರು ಕೊಡ್ತಾರೆ ಅಂದರು. ಸತ್ತವರ ಕಡೆಯವರು ಕೆಲವೊಮ್ಮೆ ಕೈಗೆ ಐನೂರು ತುರುಕುತ್ತಾರಂತೆ. ಮಾವ ಅದನ್ನು ತೆಪ್ಪದ ಹುಡುಗರಿಗೆ ಕೊಟ್ಟುಬಿಡುತ್ತಾರೆ, ಮನೆಗೆ ತರಲ್ಲ. ‘ಹೆಣದ್ ಕಾಸು ಕಣ್ರಪ್ಪ. ಅದ್ರಲ್ಲಿ ಅಕ್ಕಿ ತಂದು ಉಣ್ಣಕಾಯ್ತದಾ?’

ಒಳಗಿನಿಂದ ಅತ್ತೆ ಅಂದರು, ‘ಎಲ್ಡ್ ದಿನ ಗಾರೆ ಕೆಲ್ಸ ಹೋಯ್ತಲ್ಲ, ಆ ಕಾಸು ಯಾರ್ ಕೊಡ್ತಾರೆ ಕೇಳಿ. ಇವ್ರಿಗೆ ಪುಣ್ಯ, ನಮ್ಗೆ ಸಂಘದ್ ಕಂತು.’

ನಮ್ಮ ಇಡೀ ಡಿಬೇಟು ಈ ಎರಡು ಮಾತಲ್ಲಿ ಇತ್ತು. ಒಂದು ವಿಷಯ ಮೊದಲೇ ಹೇಳಿಬಿಡುತ್ತೇವೆ. ಮಾವ ಎತ್ತಿದವರಲ್ಲಿ ಹೆಚ್ಚಿನವರು ನಮ್ಮ ವಯಸ್ಸಿನವರು. ಕಾಲೇಜಿಗೆ ಬಂಕ್ ಹಾಕಿ, ಬೈಕಲ್ಲಿ ಬಂದು, ರೀಲ್ಸ್ ಮಾಡಲು ಬಂಡೆ ಮೇಲೆ ನಿಂತವರು. ಮುತ್ತತ್ತಿ, ಮೇಕೆದಾಟು, ಬಲಮುರಿ ಕಡೆ ಟ್ರಿಪ್ ಪ್ಲಾನ್ ಮಾಡದ ಇಂಜಿನಿಯರಿಂಗ್ ಬ್ಯಾಚು ಇದೆಯಾ? ಅಲ್ಲಿ ‘ಅಪಾಯ, ನೀರಿಗೆ ಇಳಿಯಬೇಡಿ’ ಬೋರ್ಡಿನ ಪಕ್ಕದಲ್ಲೇ ನಿಂತು ಸೆಲ್ಫಿ ತೆಗೆಯುವವರು ನಾವೇ. ಹಾಗಾಗಿ ಇದು ಯಾರೋ ಯಾರಿಗೋ ಮಾಡುವ ಉಪಕಾರದ ಪ್ರಶ್ನೆ ಅಲ್ಲ. ನಮ್ಮ ಅಪ್ಪ ಅಮ್ಮ ದಡದಲ್ಲಿ ಕೂತು ಕಾಯುವ ದಿನ ಬಂದರೆ ನೀರಿಗೆ ಇಳಿಯುವವರು ಯಾರು, ಅವರಿಗೆ ನಾವು ಏನು ಬಾಕಿ ಇದ್ದೇವೆ ಅನ್ನುವ ಪ್ರಶ್ನೆ.

‘ವಿರೋಧ’ದವರ ಅತಿ ಗಟ್ಟಿ ವಾದ ಅವರು ಹೇಳದೇ ಬಿಟ್ಟದ್ದು. ನಾವೇ ಆಮೇಲೆ ಹುಡುಕಿಕೊಂಡೆವು. ರಿಚರ್ಡ್ ಟಿಟ್‌ಮಸ್ ಅಂತ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ ಪ್ರೊಫೆಸರ್ 1970ರಲ್ಲಿ ‘ದಿ ಗಿಫ್ಟ್ ರಿಲೇಶನ್‌ಶಿಪ್’ ಅನ್ನುವ ಪುಸ್ತಕ ಬರೆದರು. ವಿಷಯ ರಕ್ತ. ಬ್ರಿಟನ್ನಿನಲ್ಲಿ ಜನ ರಕ್ತವನ್ನು ದಾನ ಮಾಡುತ್ತಿದ್ದರು, ಅಮೆರಿಕದಲ್ಲಿ ಬಹಳಷ್ಟು ರಕ್ತವನ್ನು ದುಡ್ಡಿಗೆ ಕೊಳ್ಳುತ್ತಿದ್ದರು. ಕೊಂಡ ರಕ್ತದಲ್ಲೇ ಹೆಪಟೈಟಿಸ್ ಜಾಸ್ತಿ ಅಂತ ಅವರು ತೋರಿಸಿದರು. ಕಾರಣ ಸರಳ. ದುಡ್ಡು ಬೇಕಾದವನು ತನ್ನ ಕಾಯಿಲೆ ಮುಚ್ಚಿಡುತ್ತಾನೆ, ದಾನಕ್ಕೆ ಬಂದವನಿಗೆ ಮುಚ್ಚಿಡುವ ಅಗತ್ಯವೇ ಇಲ್ಲ. ನಮ್ಮ ದೇಶದಲ್ಲೂ ರಕ್ತ ಮಾರಿ ಬದುಕುವವರಿದ್ದರು. ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ 1998ರ ಜನವರಿ 1ರಿಂದ ಅದು ನಿಂತಿತು. ಈಗ ನಮ್ಮ ಕ್ಯಾಂಪಸ್ಸಿನ ರಕ್ತದಾನ ಶಿಬಿರದಲ್ಲಿ ಸಿಗುವುದು ಒಂದು ಜ್ಯೂಸು, ಬಿಸ್ಕತ್ತು, ಸರ್ಟಿಫಿಕೇಟು.

ಈ ವಾದವನ್ನು ಹೊಳೆಗೆ ತಂದರೆ: ದುಡ್ಡಿಗಾಗಿ ಇಳಿಯುವವನು ತನ್ನ ಕಿವಿ ಕೆಟ್ಟಿರುವುದನ್ನು ಮುಚ್ಚಿಡುತ್ತಾನೆ. ತಲೆಗಿಷ್ಟು ಅಂತ ರೇಟ್ ಕಟ್ಟಿದರೆ ದಡದಲ್ಲಿ ಚೌಕಾಸಿ ಶುರುವಾಗುತ್ತೆ. ಮಗನನ್ನು ಕಳೆದುಕೊಂಡ ಅಮ್ಮನ ಹತ್ತಿರ ‘ಅಡ್ವಾನ್ಸ್ ಎಷ್ಟು ಕೊಡ್ತೀರಾ’ ಅಂತ ಕೇಳುವ ಒಬ್ಬ ಏಜೆಂಟ್ ಹುಟ್ಟಿಕೊಳ್ಳುವುದಕ್ಕೆ ನಮ್ಮಲ್ಲಿ ಎಷ್ಟು ಹೊತ್ತು ಬೇಕು? ಮಾವ ‘ಹೆಣದ್ ಕಾಸು’ ಅಂದದ್ದು ಬರೀ ಮೂಢನಂಬಿಕೆ ಅಂತ ನಮಗೆ ಅನ್ನಿಸಲ್ಲ. ಟಿಟ್‌ಮಸ್ ಪುಸ್ತಕ ಓದದೆಯೇ ಅವರು ಒಂದು ಬೇಲಿ ಹಾಕಿಕೊಂಡಿದ್ದಾರೆ.

ಆದರೆ ಒಂದು ತೊಡಕು ಇದೆ. ಮಾವ ಕಾಸು ತಗೊಳ್ಳದೆಯೂ ಕಿವಿಯನ್ನು ಮುಚ್ಚಿಟ್ಟೇ ಇಳಿದರು. ಇಳಿಸಿದ್ದು ಆಸೆಯಲ್ಲ, ‘ನಾನಲ್ಲದಿದ್ದರೆ ಇನ್ಯಾರು’ ಅನ್ನುವುದು. ಆ ಊರಿನಲ್ಲಿ ಅಷ್ಟು ಆಳಕ್ಕೆ ಇಳಿಯುವವರು ಇನ್ನೊಬ್ಬರಿಲ್ಲ. ಅಂದರೆ ದುಡ್ಡು ಕೊಡದೇ ಇದ್ದರೆ ಕೆಲಸ ಶುದ್ಧವಾಗಿಯೇ ಇರುತ್ತೆ, ಯಾರೂ ಅಪಾಯಕ್ಕೆ ಬೀಳಲ್ಲ ಅನ್ನುವುದು ಅರ್ಧ ಮಾತು. ರಕ್ತ ಕೊಟ್ಟವನು ಜ್ಯೂಸು ಕುಡಿದು ಸಂಜೆ ಕ್ರಿಕೆಟ್ ನೋಡಬಹುದು. ಒಂದು ಯೂನಿಟ್ ರಕ್ತವನ್ನು ದೇಹವೇ ಮತ್ತೆ ತುಂಬಿಕೊಳ್ಳುತ್ತೆ. ಕಳೆದುಹೋದ ಎರಡು ದಿನದ ಕೂಲಿಯನ್ನು ಯಾವ ದೇಹ ತುಂಬುತ್ತೆ?

2018ರ ಆಗಸ್ಟ್ ನೆನಪಿರಬಹುದು, ನಾವಾಗ ಮಿಡ್ಲ್ ಸ್ಕೂಲಿನಲ್ಲಿದ್ದೆವು. ಕೊಡಗಿನಲ್ಲಿ ಗುಡ್ಡ ಕುಸಿಯಿತು, ಅದೇ ಹೊತ್ತಿಗೆ ಕೇರಳ ಮುಳುಗಿತು. ಕಡಲ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಒಳನಾಡಿಗೆ ಬಂದರು. 600ಕ್ಕೂ ಹೆಚ್ಚು ದೋಣಿಗಳು. ಯಾರೂ ಕರಾರು ಮಾಡಿಕೊಂಡು ಬಂದಿರಲಿಲ್ಲ. ಕಡಲಿನ ದೋಣಿ ಗಲ್ಲಿಗಳಲ್ಲಿ ಹೋಗುವಾಗ ಕಾಂಪೌಂಡ್ ಗೋಡೆಗೆ, ಗೇಟಿಗೆ, ಮುಳುಗಿದ ಕಾರಿಗೆ ತಾಗಿ ತಳ ಸೀಳುತ್ತೆ, ಎಂಜಿನ್ ಕೆಡುತ್ತೆ. ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಪ್ರತಿ ದೋಣಿಗೆ ದಿನಕ್ಕೆ 3000 ರೂಪಾಯಿ, ಜೊತೆಗೆ ಇಂಧನ, ಕೆಟ್ಟ ದೋಣಿಗಳ ರಿಪೇರಿ ಅಂತ ಘೋಷಿಸಿದರು. ಆಗ ಫೋರ್ಟ್ ಕೊಚ್ಚಿಯ ಕಡೆಯ ಒಬ್ಬ ಮೀನುಗಾರ ಯುವಕ ವಿಡಿಯೊ ಮಾಡಿ, ನಮಗೆ ಆ ದಿನಗೂಲಿ ಬೇಡ ಅಂದ. ಆ ವಿಡಿಯೊ ಎಲ್ಲೆಡೆ ಹರಡಿತು. ಜನ ಕಣ್ಣೀರು ಹಾಕಿಕೊಂಡು ಶೇರ್ ಮಾಡಿದರು.

ಆ ವಿಡಿಯೊವನ್ನು ನಮ್ಮ ಎದುರು ತಂಡ ಡಿಬೇಟಿನಲ್ಲಿ ಬ್ರಹ್ಮಾಸ್ತ್ರದ ಹಾಗೆ ಬಳಸಿತು. ಆದರೆ ‘ನನಗೆ ಬೇಡ’ ಅಂತ ಹೇಳುವ ಹಕ್ಕು ಆ ಹುಡುಗನದ್ದು. ‘ಅವರಿಗೆ ಬೇಡವಂತೆ’ ಅಂತ ಹೇಳುವ ಹಕ್ಕು ನಮ್ಮದಲ್ಲ. ಅವನು ಬೇಡ ಅಂದಿದ್ದು ದಿನಗೂಲಿಯನ್ನು. ಒಡೆದ ದೋಣಿಯನ್ನು ಯಾರಾದರೂ ಕಟ್ಟಿಕೊಡಲೇಬೇಕು, ಕಡಲಿಗೆ ಹೋಗದಿದ್ದರೆ ಅವನ ಮನೆ ನಡೆಯಲ್ಲ. ಕೂಲಿ ಮತ್ತು ನಷ್ಟ ಎರಡೂ ಬೇರೆ ಬೇರೆ. ಈ ಎರಡನ್ನೂ ಒಂದೇ ಗಂಟು ಕಟ್ಟಿ ‘ದುಡ್ಡು ಕೊಡಬೇಕಾ ಬೇಡವಾ’ ಅಂತ ಕೇಳಿದ್ದರಿಂದಲೇ ನಮ್ಮ ಡಿಬೇಟು ಗಾಣದ ಎತ್ತಿನ ಹಾಗೆ ಸುತ್ತಿದ್ದು.

ಆಸ್ಟ್ರೇಲಿಯಾದಲ್ಲಿ ಇದೇ ಜಗಳ ದೇಶದ ಮಟ್ಟದಲ್ಲಿ ನಡೆಯಿತು. ಅಲ್ಲಿ ಕಾಡ್ಗಿಚ್ಚು ಆರಿಸುವವರಲ್ಲಿ ಬಹುಪಾಲು ಹಳ್ಳಿಯ ಸ್ವಯಂಸೇವಕರು. ಕೃಷಿಕರು, ಪ್ಲಂಬರ್‌ಗಳು, ಟೀಚರ್‌ಗಳು. ಮಾಮೂಲಿ ವರ್ಷ ಕೆಲವು ದಿನದ ಕೆಲಸ. ಆದರೆ 2019–20ರ ಬೇಸಿಗೆಯಲ್ಲಿ ಬೆಂಕಿ ತಿಂಗಳುಗಟ್ಟಲೆ ಉರಿಯಿತು. ಡಿಸೆಂಬರ್‌ನಲ್ಲಿ ನ್ಯೂ ಸೌತ್ ವೇಲ್ಸಿನಲ್ಲಿ ಮರ ಬಿದ್ದು ಫೈರ್ ಟ್ರಕ್ ಉರುಳಿ ಇಬ್ಬರು ಸ್ವಯಂಸೇವಕರು ತೀರಿಕೊಂಡರು, ಇಬ್ಬರಿಗೂ ಪುಟ್ಟ ಮಕ್ಕಳು. ಪ್ರಧಾನಿ ಸ್ಕಾಟ್ ಮಾರಿಸನ್ ಮೊದಲು ಹಣದ ಮಾತಿಗೆ ಒಲವು ತೋರಿಸಿರಲಿಲ್ಲ. ತಿಂಗಳ ಕೊನೆಗೆ ದಿನಕ್ಕೆ 300 ಡಾಲರ್‌ವರೆಗೆ, ಒಟ್ಟು 6000 ಡಾಲರ್ ಮೀರದಂತೆ ಪರಿಹಾರ ಘೋಷಿಸಿದರು. ಯಾರಿಗೆ ಅನ್ನೋದನ್ನು ನೋಡಬೇಕು. 10 ದಿನಕ್ಕಿಂತ ಹೆಚ್ಚು ಬೆಂಕಿಗೆ ಎದುರು ನಿಂತು ವರಮಾನ ಕಳೆದುಕೊಂಡ ಸ್ವಂತ ಉದ್ಯೋಗದವರಿಗೆ, ಚಿಕ್ಕ ಮತ್ತು ಮಧ್ಯಮ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ. ಇದು ಸಂಬಳ ಅಲ್ಲ. ಅತ್ತೆಯ ಪ್ರಶ್ನೆಗೆ ಉತ್ತರ.

ಜರ್ಮನಿಯಲ್ಲಿ ಇನ್ನೂ ಚೆನ್ನಾಗಿದೆ. ಅಲ್ಲಿ ಸುಮಾರು 10 ಲಕ್ಷ ಸ್ವಯಂಸೇವಕ ಅಗ್ನಿಶಾಮಕರಿದ್ದಾರೆ. ದೊಡ್ಡ ನಗರಗಳಲ್ಲಿ ಸಂಬಳದ ಅಗ್ನಿಶಾಮಕ ದಳ, ಹಳ್ಳಿ, ಸಣ್ಣ ಊರುಗಳಲ್ಲಿ ಹೆಚ್ಚಾಗಿ ಇವರೇ. ಸೈರನ್ ಆದ ತಕ್ಷಣ ಕೆಲಸ ಬಿಟ್ಟು ಓಡಬಹುದು. ಆ ಹೊತ್ತಿನ ಸಂಬಳವನ್ನು ಮಾಲೀಕ ಕತ್ತರಿಸುವ ಹಾಗಿಲ್ಲ. ಖಾಸಗಿ ಮಾಲೀಕ ಅದನ್ನು ಊರಿನ ಆಡಳಿತದಿಂದ ವಾಪಸ್ ಪಡೆಯಬಹುದು. ಗಾಯವಾದರೆ ಕಾನೂನುಬದ್ಧ ಅಪಘಾತ ವಿಮೆ ಇದೆ. ಬೆಂಕಿ ಆರಿಸಿದ್ದಕ್ಕೆ ಕೂಲಿ ಕೊಟ್ಟಿಲ್ಲ, ಬೆಂಕಿ ಆರಿಸಿದ್ದರಿಂದ ಅವನು ಬಡವನೂ ಆಗಲಿಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಬೇರೆ ದಾರಿ: ಕರೆದಾಗ ಬರುವ ಅಗ್ನಿಶಾಮಕರಿಗೆ ಸಿದ್ಧವಾಗಿರುವುದಕ್ಕೇ ವರ್ಷಕ್ಕಿಷ್ಟು ಅಂತ ಕೊಟ್ಟು, ಪ್ರತಿ ಕರೆಗೂ ಬೇರೆ ಕೊಡುತ್ತಾರೆ. ಅವರನ್ನು ಸ್ವಯಂಸೇವಕರು ಅಂತಲೂ ಕರೆಯಲ್ಲ. ಅದು ಪ್ರಾಮಾಣಿಕ.

ನಮ್ಮಲ್ಲಿ ಹೆಸರಿನ ಆಟವೇ ಜಾಸ್ತಿ. ಗೃಹರಕ್ಷಕ ದಳವನ್ನೇ ತಗೊಳ್ಳಿ. 1946ರ ಡಿಸೆಂಬರ್‌ನಲ್ಲಿ ಬಾಂಬೆಯಲ್ಲಿ ಕೋಮುಗಲಭೆಯ ಹೊತ್ತಿಗೆ ಶುರುವಾದದ್ದು. 1962ರ ಚೀನಾ ಯುದ್ಧದ ನಂತರ ದೇಶದ ತುಂಬ ಒಂದೇ ಮಾದರಿಗೆ ಬಂತು, ನಮ್ಮ ರಾಜ್ಯದ ಗೃಹರಕ್ಷಕರ ಕಾಯ್ದೆಯೂ 1962ರದ್ದೇ. ಧ್ಯೇಯವಾಕ್ಯ ‘ನಿಷ್ಕಾಮ ಸೇವೆ’. ಫಲ ಬಯಸದ ಸೇವೆ. ಕೇಳಲು ಎಷ್ಟು ಚಂದ! ಎಲೆಕ್ಷನ್ ಬೂತಿನಲ್ಲಿ, ಜಾತ್ರೆಯಲ್ಲಿ, ಟ್ರಾಫಿಕ್ಕಿನಲ್ಲಿ, ನೆರೆ ಬಂದಾಗ ಖಾಕಿ ಹಾಕಿ ನಿಂತಿರುವವರಲ್ಲಿ ಎಷ್ಟೋ ಜನ ಇವರು. ಪಾಳಿ ಇದೆ, ಹಾಜರಿ ಇದೆ, ಮೇಲಧಿಕಾರಿ ಇದ್ದಾರೆ. ಆದರೂ ಕಾಗದದಲ್ಲಿ ಸ್ವಯಂಸೇವಕರು. 2015ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಗೃಹರಕ್ಷಕರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಒಂದು, ಇವರನ್ನು ಕಾಯಂ ಸರ್ಕಾರಿ ನೌಕರರನ್ನಾಗಿ ಮಾಡಲು ಬರಲ್ಲ. ಎರಡು, 30 ದಿನ ಡ್ಯೂಟಿ ಮಾಡಿದರೆ ಒಟ್ಟು ಭತ್ಯೆ ಆ ರಾಜ್ಯದ ಪೊಲೀಸರಿಗೆ ಸಿಗುವ ಕನಿಷ್ಠ ವೇತನಕ್ಕೆ ಸಮ ಆಗುವಂತೆ ದಿನದ ಭತ್ಯೆ ಕೊಡಿ. ನಾವು ಅದನ್ನು ಎರಡು ಸಲ ಓದಿದೆವು. ನೌಕರ ಅಲ್ಲ, ಆದರೆ ನೌಕರನಷ್ಟೇ ಕೊಡಿ! ಕೋರ್ಟು ಅತ್ತೆಯ ಮಾತನ್ನೂ ಕೇಳಿಸಿಕೊಂಡಿದೆ, ಧ್ಯೇಯವಾಕ್ಯವನ್ನೂ ಅಳಿಸಿಲ್ಲ. ಆದರೆ ಡ್ಯೂಟಿ ಇಲ್ಲದ ದಿನ ಭತ್ಯೆಯೂ ಇಲ್ಲ ಅನ್ನೋದು ಇದ್ದೇ ಇದೆ.

ಆಶಾ ಕಾರ್ಯಕರ್ತೆಯರ ಕಥೆಯೂ ಇದೇ ಜಾತಿಯದ್ದು. ಕೋವಿಡ್‌ನಲ್ಲಿ ಮನೆ ಮನೆಗೆ ಬಂದು ಜ್ವರ ಇದೆಯಾ ಅಂತ ಕೇಳಿದವರು ಅವರು. ನಿಯಮದ ಪ್ರಕಾರ ಅವರೂ ಸ್ವಯಂಸೇವಕಿಯರೇ. 2020ರ ಜುಲೈನಲ್ಲಿ, ಸೋಂಕು ಏರುತ್ತಿದ್ದ ಹೊತ್ತಲ್ಲೇ, ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಕೊಡಿ ಅಂತ ಕರ್ನಾಟಕದ ಆಶಾಗಳು ಮುಷ್ಕರಕ್ಕೆ ಇಳಿದರು. ಮಾರ್ಚ್‌ನಲ್ಲಿ ನಾವೆಲ್ಲ ಬಾಲ್ಕನಿಯಲ್ಲಿ ತಟ್ಟೆ ಬಡಿದಿದ್ದೆವು. ತಟ್ಟೆ ಬಡಿಯೋದು ಗೌರವ ಅಂತಿಟ್ಟುಕೊಂಡರೂ ಧನ ಎಲ್ಲಿ?

ಈಗ ‘ಬಿಟ್ಟಿ’ಗೆ ಬರುತ್ತೇವೆ. ನಾವು ದಿನಾ ಬಳಸುವ ಪದ. ಬಿಟ್ಟಿ ಊಟ, ಬಿಟ್ಟಿ ವೈಫೈ, ಬಿಟ್ಟಿ ಟೀ ಶರ್ಟ್ (ಫೆಸ್ಟ್ ವಾಲಂಟಿಯರ್ ಆಗೋದೇ ಇದಕ್ಕೆ). ಇದು ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದಂತೆ. ಅರ್ಥ ‘ಫ್ರೀ’ ಅಲ್ಲ. ದೊರೆಗೋ ಊರ ಗೌಡನಿಗೋ ಕೂಲಿಯಿಲ್ಲದೆ, ಬಲವಂತಕ್ಕೆ ಮಾಡುವ ದುಡಿಮೆ ಅಂತ. ಬಿಟ್ಟಿ ಚಾಕರಿ ಅನ್ನುವ ಮಾತಿನಲ್ಲಿ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಸಂವಿಧಾನದ 23ನೇ ವಿಧಿ ಇದನ್ನು ನಿಷೇಧಿಸಿದೆ. ಕೂಲಿಯಿಲ್ಲದ ಕೆಲಸ ಎರಡು ಥರ ಅಂದ ಹಾಗಾಯಿತು, ಒಂದು ಸೇವೆ, ಇನ್ನೊಂದು ಬಿಟ್ಟಿ. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತೆ. ವ್ಯತ್ಯಾಸ ಇರೋದು ಒಂದೇ ಕಡೆ: ಮಾಡುವವನಿಗೆ ‘ಆಗಲ್ಲ’ ಅನ್ನಲು ಸಾಧ್ಯವಾ?

ಮಾವನಿಗೆ ಸಾಧ್ಯವಾ? ಕಾನೂನಿನಲ್ಲಿ ಸಾಧ್ಯ. ಆದರೆ ಫೋನ್ ಮಾಡುವವರು ನಾಳೆ ತೆಪ್ಪ ಬಿಡಬೇಡ ಅಂತಲೂ ಹೇಳಬಲ್ಲವರು. ದಡದಲ್ಲಿ ಇನ್ನೂರು ಜನ ನೋಡುತ್ತಾ ನಿಂತಿರುತ್ತಾರೆ. ಮತ್ತೆ, ಹೇಳಲು ಮುಜುಗರ ಆಗುವ ಇನ್ನೊಂದು ಮಾತು: ಹೊಳೆಯಿಂದ ಹೆಣ ಎತ್ತುವ ಕೆಲಸಕ್ಕೆ ಕರೆ ಹೋಗುವುದು ಹೊಳೆ ಬದಿಯ ಕೇರಿಗೇ. ಊರಿನಲ್ಲಿ ಈಜು ಬರುವವರು ಬೇರೆಯವರೂ ಇದ್ದಾರೆ, ಈಜುಕೊಳದ ಮೆಡಲ್ ಗೆದ್ದವರೂ ಇರಬಹುದು. ಅವರನ್ನು ಯಾರೂ ಕರೆಯಲ್ಲ. ‘ಅವ್ರಿಗೆ ಅಭ್ಯಾಸ ಇದೆ’ ಅನ್ನುತ್ತಾರೆ. ಅಭ್ಯಾಸ ಅನ್ನುವ ಪದದ ಹಿಂದೆ ಏನೇನು ಅಡಗಿದೆ ಅಂತ ನಿಮಗೂ ಗೊತ್ತು, ನಮಗೂ ಗೊತ್ತು.

ಎಲ್ಲರೂ ಹೆಸರಿಲ್ಲದವರೇ ಅಲ್ಲ. ಮಲ್ಪೆಯ ಈಶ್ವರ್ ಅವರನ್ನು ಇಡೀ ಕರಾವಳಿ ಬಲ್ಲದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಾಗ, ಉಕ್ಕಿ ಹರಿಯುತ್ತಿದ್ದ ಗಂಗಾವಳಿಗೆ ಅವರ ತಂಡ ಇಳಿದದ್ದನ್ನು ನಾವೆಲ್ಲ ಟಿವಿಯಲ್ಲಿ ಉಸಿರು ಬಿಗಿಹಿಡಿದು ನೋಡಿದೆವು. ಅದೇ ಜಾಗದಲ್ಲಿ ನೌಕಾಪಡೆಯವರೂ ಎನ್‌ಡಿಆರ್‌ಎಫ್‌ನವರೂ ಇದ್ದರು. ಅವರಿಗೆ ಸಂಬಳ ಇದೆ, ಪಿಂಚಣಿ ಇದೆ. ಅಷ್ಟು ಮಾತ್ರಕ್ಕೆ ಅವರ ಧೈರ್ಯ ಒಂದು ಗುಲಗಂಜಿ ಕಡಿಮೆ ಅಂತ ಯಾರಾದರೂ ಹೇಳುತ್ತಾರಾ? ಸಂಬಳ ತಗೊಂಡ ಯೋಧ ತ್ಯಾಗಿ ಆಗಬಹುದಾದರೆ, ಎರಡು ದಿನದ ಕೂಲಿ ತಗೊಂಡ ತೆಪ್ಪದವನು ಯಾಕೆ ಆಗಬಾರದು?

ಸರ್ಕಾರ ಏನೂ ಮಾಡಿಲ್ಲ ಅಂತ ಅಲ್ಲ. ರಸ್ತೆ ಅಪಘಾತದಲ್ಲಿ ಗಾಯಗೊಂಡವರನ್ನು ಗೋಲ್ಡನ್ ಅವರ್ ಒಳಗೆ ಆಸ್ಪತ್ರೆಗೆ ಸೇರಿಸಿ ಜೀವ ಉಳಿಸಿದವರಿಗೆ 2021ರಲ್ಲಿ 5000 ರೂಪಾಯಿ ಬಹುಮಾನ ಬಂತು, 2025ರಲ್ಲಿ ಅದು 25,000 ಆಯಿತು. ಸಂತೋಷ. ಆದರೆ ಬಹುಮಾನದಲ್ಲಿ ಒಂದು ಸಮಸ್ಯೆ ಇದೆ, ಗೆದ್ದವರಿಗೆ ಮಾತ್ರ. ಸೇರಿಸಿದಿರಿ, ಬದುಕಲಿಲ್ಲ, ಶರ್ಟೆಲ್ಲ ರಕ್ತ, ಬೈಕ್ ಇನ್ನೂ ರಸ್ತೆಯಲ್ಲೇ ಇದೆ, ಆಗ? ನಿಜ ಹೇಳಬೇಕೆಂದರೆ ನಮ್ಮ ಜನರನ್ನು ತಡೆಯುತ್ತಿದ್ದದ್ದು ಬಹುಮಾನದ ಕೊರತೆ ಅಲ್ಲ, ಪೊಲೀಸ್ ಠಾಣೆ, ಕೋರ್ಟ್ ಅಲೆದಾಟದ ಭಯ. ಅದಕ್ಕೆ 2016ರಲ್ಲಿ ಸುಪ್ರೀಂ ಕೋರ್ಟ್ ರಕ್ಷಣೆ ಕೊಟ್ಟಿತು, ನಂತರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಸೇರಿತು. ಇದಕ್ಕೆಂದೇ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮದು. ಇದನ್ನು ಎಷ್ಟು ಜನರಿಗೆ ಹೇಳಿದ್ದೇವೆ? ನಮ್ಮ ಹಾಸ್ಟೆಲ್ಲಿನಲ್ಲಿ ಕೇಳಿ ನೋಡಿದೆವು, 25,000 ಗೊತ್ತಿದ್ದವರು ಇದ್ದರು, ಸಾಕ್ಷಿಯಾಗುವಂತೆ ಬಲವಂತ ಮಾಡುವಂತಿಲ್ಲ ಅನ್ನೋದು ಯಾರಿಗೂ ಗೊತ್ತಿರಲಿಲ್ಲ.

‘ಆಪದ್ ಮಿತ್ರ’ ಅಂತ ಇನ್ನೊಂದು ಇದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಶುರು ಮಾಡಿ, ಆಮೇಲೆ 350 ಜಿಲ್ಲೆಗಳಲ್ಲಿ 1 ಲಕ್ಷ ಜನರಿಗೆ ತರಬೇತಿ ಕೊಡುವ ಗುರಿ ಇಟ್ಟುಕೊಂಡಿತು. 12 ದಿನದ ತರಬೇತಿ, ಲೈಫ್ ಜಾಕೆಟ್, ಟಾರ್ಚ್ ಇರುವ ಕಿಟ್, ಗುರುತಿನ ಚೀಟಿ, ವಿಮೆ. ಇದು ನಮಗೆ ಬಹುಮಾನಕ್ಕಿಂತ ಹೆಚ್ಚು ಇಷ್ಟವಾಯಿತು. ಮಾವನಿಗೆ ಗೊತ್ತೇ ಇರಲಿಲ್ಲ. ಜಿಲ್ಲೆಗೆ ಕೆಲವು ನೂರು ಜನರನ್ನು ಆರಿಸುವಾಗ ಸ್ಟೇಷನ್ನಿನವರ ಮೊಬೈಲಿನಲ್ಲಿ ‘ತೆಪ್ಪ’ ಅಂತ ಸೇವ್ ಆಗಿರುವ ನಂಬರುಗಳನ್ನು ಮೊದಲು ಕರೆದರೆ ಸಾಕಲ್ಲವಾ?

ಕೊನೆಗೆ ನಾವು ಮೂವರು ಒಪ್ಪಿಕೊಂಡದ್ದು ಇಷ್ಟು, ಮೂರನೆಯವನು ಇನ್ನೂ ಪೂರ್ತಿ ಒಪ್ಪಿಲ್ಲ. ಪಾಳಿ ಹಾಕಿ, ಹಾಜರಿ ತಗೊಂಡು ಮಾಡಿಸುವ ಕೆಲಸಕ್ಕೆ ಸೇವೆ ಅಂತ ಹೆಸರಿಡಬೇಡಿ, ಸಂಬಳ ಕೊಡಿ. ಜೀವಕ್ಕಿಷ್ಟು, ಹೆಣಕ್ಕಿಷ್ಟು ಅಂತ ರೇಟ್ ಮಾತ್ರ ಕಟ್ಟಬೇಡಿ. ಕರೆದು ನೀರಿಗಿಳಿಸಿದವನಿಗೆ ಆ ದಿನಗಳ ಕೂಲಿ, ಕಿವಿಯ ಚಿಕಿತ್ಸೆ, ಅವನೇ ಹೋದರೆ ಮನೆಯವರಿಗೆ ವಿಮೆ, ಇವು ಪ್ರಶ್ನೆಯೇ ಆಗಬಾರದು. ಜರ್ಮನಿಯ ಥರ ಮಾಲೀಕನಿಂದ ಕೊಡಿಸೋಣ ಅಂದರೆ ಗಾರೆ ಕೆಲಸದವರಿಗೆ ಮಾಲೀಕ ಯಾರು? ದಿನಾ ಬೇರೆ ಮೇಸ್ತ್ರಿ. ಹಾಗಾಗಿ ಪಂಚಾಯಿತಿಯೇ ಕೊಡಬೇಕು. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅಷ್ಟನ್ನೇ ಕೊಟ್ಟರೂ ಎರಡು ದಿನಕ್ಕೆ 740. ನಮ್ಮ ಫೆಸ್ಟಿನ ಒಂದು ಫ್ಲೆಕ್ಸಿನ ದುಡ್ಡು.

ಮೂರನೆಯವನ ತಕರಾರು ಏನೆಂದರೆ, 740 ಬಂದ ಮೇಲೆ ದಡದಲ್ಲಿರುವ ಜನ ಮಾವನಿಗೆ ಕೈಮುಗಿಯುವುದನ್ನು ನಿಲ್ಲಿಸುತ್ತಾರೆ, ‘ದುಡ್ಡು ತಗೊಂಡಿದ್ದೀಯಲ್ಲ, ಬೇಗ ಹುಡುಕು’ ಅನ್ನುತ್ತಾರೆ ಅಂತ. ಅದು ಸುಳ್ಳಲ್ಲ. ಮಾವನ ಸೋದರಳಿಯ ಅವನೇ, ನಮಗಿಂತ ಹೆಚ್ಚು ಸಲ ಆ ದಡದಲ್ಲಿ ನಿಂತವನು. ಇದಕ್ಕೆ ನಮ್ಮ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ನಾವೇನು ಪುಕ್ಕಟೆ ಸಮಾಜಸೇವೆ ಮಾಡುವವರಾ? ನಮ್ಮ ಯೂನಿವರ್ಸಿಟಿಯಲ್ಲಿ 100 ಆಕ್ಟಿವಿಟಿ ಪಾಯಿಂಟ್ ಇಲ್ಲದೆ ಡಿಗ್ರಿ ಕೈಗೆ ಬರಲ್ಲ. ಗಿಡ ನೆಟ್ಟು, ಫೋಟೊ ತೆಗೆಸಿಕೊಂಡು, ರಿಪೋರ್ಟ್ ಬರೆದು, ಸಹಿ ಹಾಕಿಸಿಕೊಂಡು ಪಾಯಿಂಟ್ ತಗೊಳ್ಳುವ ನಾವು, ಉಸಿರು ಕಟ್ಟಿ ಪೊಟರೆಗೆ ಕೈ ಹಾಕುವವರಿಗೆ ನಿಷ್ಕಾಮ ಕರ್ಮ ಬೋಧಿಸುವುದು ಯಾಕೋ ಸರಿ ಕಾಣಲ್ಲ.

ಹೋದ ವಾರ ಫೋನಿನಲ್ಲಿ ಇದನ್ನೆಲ್ಲ ಮಾವನಿಗೆ ಹೇಳಿದೆವು, ಸ್ಪೀಕರಿನಲ್ಲಿ ಹಾಕಿ, ಬಲಗಿವಿಗೆ ಹಿಡಿದುಕೊಳ್ಳಿ ಅಂತ ಹೇಳಿ. ಕೂಲಿಯ ಮಾತಿಗೆ ಅವರು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ನೀರೊಳಗೆ ಕೆಡದ ಟಾರ್ಚು ಎಷ್ಟಾಗುತ್ತೆ ಅಂತ ಕೇಳಿದರು. ನಾವು ಅಮೆಜಾನ್ ನೋಡಿ ರೇಟ್ ಹೇಳುವಷ್ಟರಲ್ಲಿ ಅತ್ತೆ ಫೋನ್ ಕಿತ್ತುಕೊಂಡಿದ್ದರು. ‘ಕೂಲಿ ಕೊಡೋ ಹಂಗಾದ್ರೆ ಇವ್ರ ಕೈಗ್ ಕೊಡಿಸ್ಬ್ಯಾಡಿ ಕಣ್ರಪ್ಪಾ, ತೆಪ್ಪದ್ ಹೈಕಳಿಗೆ ಹಂಚ್ಬುಡ್ತಾರೆ. ಗೃಹಲಕ್ಷ್ಮಿ ಬರ್ತದಲ್ಲ, ನನ್ ಅಕೌಂಟು, ಅದುಕ್ಕೇ ಹಾಕುಸ್ಬುಡಿ.’